ಬೀಗರ ಹೊಟ್ಟೆ

ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಣ ಮೆಣಸಿನಕಾಯಿಯ ಸಗಟು ವ್ಯಾಪಾರ ಮಾಡುವ ಗುರುಪುತ್ರಪ್ಪನಿಗೆ ಎರಡು ವರ್ಷದಿಂದ ಹೊಟ್ಟೆ ಉರಿಯುತ್ತಿತ್ತು. ಈ ಸಂಗತಿ ಅವನನ್ನು ಮತ್ತು ಪಕ್ಕದ ಔಷಧದ ಅಂಗಡಿಯವನನ್ನು ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಮೆಣಸಿನಕಾಯಿ ಮಾರುವವನೇ ಹೊಟ್ಟೆ ಹಿಡಿದುಕೊಂಡು ಕೂತರೆ ಪೇಟೆಯವರು ನಗದೆ ಬಿಡುತ್ತಾರೆಯೇ? ಎದುರು ಅಂಗಡಿಯ ಬೆಲ್ಲದ ದುಂಡಪ್ಪನಂತೂ ಅದನ್ನೇ ವರ್ಷವಿಡೀ ಹೇಳಿಕೊಂಡು ತಿರುಗುವವ. ಅದಕ್ಕೇ ಗುರುಪುತ್ರಪ್ಪ ಗುಲಾಬಿ ಬಣ್ಣದ ಸಿರಪ್ಪಿನ ಬಾಟಲಿಯನ್ನು ತಕ್ಕಡಿಯ ಹಿಂದೆ ಬಚ್ಚಿಟ್ಟು, ಗಿರಾಕಿ ಇಲ್ಲದಾಗ ಒಂದು ಗುಟುಕು ಹಾಕಿ ಮೀಸೆ ಒರೆಸಿಕೊಳ್ಳುತ್ತಿದ್ದ.

ವಯಸ್ಸು ಐವತ್ತಾರು. ಅಗಲವಾದ ಎದೆ, ಅದಕ್ಕಿಂತ ಅಗಲವಾದ ಹೊಟ್ಟೆ. ಬಳಗದ ಮದುವೆಗಳಲ್ಲಿ ಮೊದಲ ಪಂಕ್ತಿಗೆ ಕೂತು ಎರಡನೆಯ ಪಂಕ್ತಿಯವರ ಜೊತೆ ಏಳುವವ ಎಂದು ಅವನಿಗೊಂದು ಹೆಸರಿತ್ತು. ಈಗ ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಹೊಟ್ಟೆ ಬಿಗಿದುಬಿಡುತ್ತಿತ್ತು. ಮನೆಯಲ್ಲಿ ಕೇಳಿದರೆ, "ಅಂಗಡಿಯಾಗ ತಿಂದು ಬಂದೇನಿ," ಎನ್ನುತ್ತಿದ್ದ. ಅಂಗಡಿಯಲ್ಲಿ ಕೇಳಿದರೆ, "ಮನ್ಯಾಗ ಉಂಡು ಬಂದೇನಿ."

ಹೀಗೆ ನಡೆದಿರುವಾಗಲೇ ಮಗಳು ದಾನೇಶ್ವರಿಯ ಮದುವೆಯ ಮಾತು ಬಂತು. ಅವಳು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅದೇ ಕಾರ್ಖಾನೆಗೆ ಖಾನಾಪುರದಿಂದ ದಿನಾ ಬಂದುಹೋಗುವ ಆಶಿಶ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ತಂದೆ ತ್ರ್ಯಂಬಕರು ಖಾನಾಪುರದ ಕೋರ್ಟಿನಲ್ಲಿ ವಕೀಲರು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಜಾತಿ ಬೇರೆ, ಪೂಜೆ ಬೇರೆ, ಅಡುಗೆಯೂ ಬೇರೆ. ಗುರುಪುತ್ರಪ್ಪ ಮೊದಲು ಒಲ್ಲೆನೆಂದು ತಲೆ ಅಲ್ಲಾಡಿಸಿದ. ಆದರೆ ಅವನ ಹೆಂಡತಿ ಗೌರವ್ವ ಆಗಲೇ ಹುಡುಗನ ತಾಯಿ ಕುಂದಾಬಾಯಿಯ ಜೊತೆ ಫೋನಿನಲ್ಲಿ ಉಪ್ಪಿನಕಾಯಿಯ ಮಾತಿನ ತನಕ ಮುಟ್ಟಿದ್ದಳು.

"ಒಮ್ಮೆ ಹೋಗಿ ಮಂದಿ ನೋಡಿ ಬರೂಣು," ಎಂದಳು. "ನೋಡಿದ್ರ ಏನು ಗಂಟು ಹೋಗತೈತಿ?"

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮೂವರೂ ಖಾನಾಪುರಕ್ಕೆ ಹೋದರು. ಕುಂದಾಬಾಯಿ ನಸುಕಿನಲ್ಲೇ ಎದ್ದು ಅಡುಗೆಗೆ ನಿಂತಿದ್ದರು. ಹೊಸ ಅಕ್ಕಿಯ ಅನ್ನದ ಘಮ ಬೀದಿಗೆ ಬರುತ್ತಿತ್ತು. ಎಲೆ ಹಾಕಿ ಗುರುಪುತ್ರಪ್ಪನನ್ನು ವಕೀಲರ ಪಕ್ಕಕ್ಕೇ ಕೂರಿಸಿದರು. ಕೆಸುವಿನ ಎಲೆಯ ಅಳುವಡಿ ಬಂತು, ಬಟಾಟೆ ಪಲ್ಯ ಬಂತು, ಪೂರಿ ಬಂತು. ಗುರುಪುತ್ರಪ್ಪ ಒಂದು ಅಳುವಡಿ, ಅರ್ಧ ಪೂರಿ ತಿಂದ. ಎದೆಯ ಕೆಳಗೆ ಕೆಂಡ ಹೊತ್ತಿಕೊಂಡಿತು. ಕುಂದಾಬಾಯಿ ಶ್ರೀಖಂಡದ ಪಾತ್ರೆ ಹಿಡಿದು ಬಂದಾಗ ಅವನು ಎರಡೂ ಕೈಯಿಂದ ಎಲೆ ಮುಚ್ಚಿದ.

"ಸಾಕ್ರಿ."

"ಸಾಕಂದ್ರ? ಇನ್ನ ಅನ್ನನ ಬಂದಿಲ್ಲ," ಎಂದರು ವಕೀಲರು.

"ಹೊಟ್ಟಿ ತುಂಬೇತ್ರಿ."

ವಕೀಲರು ಅವನ ಎಲೆಯನ್ನೂ ಅವನ ಹೊಟ್ಟೆಯನ್ನೂ ಒಂದೊಂದು ಸಲ ನೋಡಿದರು. ಅರ್ಧ ಪೂರಿಗೆ ತುಂಬುವ ಹೊಟ್ಟೆಯಾಗಿ ಅದು ಅವರಿಗೆ ಕಾಣಲಿಲ್ಲ.

"ನಮ್ಮ ಮನಿ ಅಡಿಗಿ ನಿಮಗ ಸೇರಂಗಿಲ್ಲಂತ ಕಾಣಸ್ತದ," ಎಂದರು.

ನೋವು ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಣ್ಣು ಕೊಡುವ ಮಾತಿಗೆ ಬಂದವನು ಬೀಗರಾಗುವವರ ಮುಂದೆ ರೋಗಿಷ್ಟನಾಗಿ ಕೂರುವುದು ಹೇಗೆ? ಗುರುಪುತ್ರಪ್ಪ ಹಲ್ಲು ಕಚ್ಚಿ, "ಹಂಗ ತಿಳ್ಕೊಂಡ್ರ ನಾ ಏನ್ ಮಾಡ್ಲಿ?" ಎಂದುಬಿಟ್ಟ.

ವಕೀಲರ ಮೂಗಿನ ತುದಿ ಕೆಂಪಾಯಿತು.

"ಹುಡುಗಿ ಕೊಡೋ ಮನಸ್ಸಿಲ್ಲಂದ್ರ ಬಾಯಿಲೆ ಹೇಳ್ರಿ. ಎಲಿ ಮ್ಯಾಲ ಹೇಳಬ್ಯಾಡ್ರಿ."

ಕೈ ತೊಳೆದುಕೊಂಡವರೇ ಮೂವರೂ ಕಾರು ಹತ್ತಿದರು. ಬಾಗಿಲಲ್ಲಿ ನಿಂತ ಕುಂದಾಬಾಯಿಯ ಕೈಯಲ್ಲಿ ಇನ್ನೂ ಶ್ರೀಖಂಡದ ಪಾತ್ರೆ ಇತ್ತು.

ಕಾರನ್ನು ದಾನೇಶ್ವರಿಯೇ ಓಡಿಸುತ್ತಿದ್ದಳು. ಕಣ್ಣು ರಸ್ತೆಯ ಮೇಲೆ, ತುಟಿ ಬಿಗಿ. ದೇಸೂರು ದಾಟುವ ಹೊತ್ತಿಗೆ ಗುರುಪುತ್ರಪ್ಪ, "ನಿಲ್ಲಸ, ನಿಲ್ಲಸ," ಎಂದು ಬಾಗಿಲು ತೆಗೆದು ಇಳಿದ. ರಸ್ತೆ ಬದಿಯಲ್ಲಿ ಕೂತು ತಿಂದದ್ದನ್ನೆಲ್ಲ ಕಾರಿಕೊಂಡ. ಗೌರವ್ವ ಓಡಿಬಂದು ಹಣೆ ಹಿಡಿದುಕೊಂಡಳು. ದಾನೇಶ್ವರಿ ನೀರಿನ ಬಾಟಲಿ ಹಿಡಿದು ನಿಂತಳು. ಬೆವರಿನಲ್ಲಿ ತೊಯ್ದು ಬಿಳಿಚಿದ ಅಪ್ಪನ ಮುಖ ನೋಡಿದಾಗ ಅವಳ ಸಿಟ್ಟು ಎಲ್ಲಿ ಹೋಯಿತೋ.

"ಅಪ್ಪಾ, ನಿನಗ ಖರೇನ ಹೊಟ್ಟಿ ನೋವು ಐತೇನು?"

ಅವನು ಹೌದೆಂದು ಗೋಣು ಹಾಕಿದ.

"ಎಂದಿನಿಂದ?"

"ಆತು... ಎರಡು ವರ್ಷ."

"ಅದನ್ನ ಅಲ್ಲೇ ಹೇಳಿದ್ರ ಏನ್ ಆಗತಿತ್ತು?"

"ಆ ವಕೀಲನ ಮುಂದ?" ಎಂದ ಗುರುಪುತ್ರಪ್ಪ, ಬಾಯಿ ಮುಕ್ಕಳಿಸುತ್ತ. ದಾನೇಶ್ವರಿಗೆ ಅಳು ಮತ್ತು ನಗು ಒಟ್ಟಿಗೇ ಬಂದವು. ಅವಳು ಅಪ್ಪನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಮರುದಿನವೇ ನೆಹರು ನಗರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಹೊಟ್ಟೆ, ಯಕೃತ್ತು, ಕರುಳು ನೋಡುವ ವೈದ್ಯೆ ತನ್ಮಯಿ. ಮೂವತ್ತೈದರ ಆಸುಪಾಸಿನ ಹಸನ್ಮುಖಿ. ಹೊಟ್ಟೆ ಒತ್ತಿ ನೋಡಿದಳು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದಳು. ಬಾಯಿಯಿಂದ ಕ್ಯಾಮೆರಾದ ಕೊಳವೆ ಇಳಿಸಿ ಜಠರವನ್ನು ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಎಲ್ಲ ಬಂದ ಮೇಲೆ ಗಂಡ, ಹೆಂಡತಿ, ಮಗಳನ್ನು ಎದುರಿಗೆ ಕೂರಿಸಿಕೊಂಡಳು.

"ನಿಮ್ಮ ಜಠರದಾಗ ಒಂದು ಬ್ಯಾಕ್ಟೀರಿಯಾ ಮನಿ ಮಾಡ್ಕೊಂಡು ಕೂತದ. ಹೆಲಿಕೋಬ್ಯಾಕ್ಟರ್ ಅಂತ ಅದರ ಹೆಸರು. ಸಣ್ಣವರಿದ್ದಾಗನ ನೀರಿನಾಗೋ, ಮನಿ ಮಂದಿಯಿಂದನೋ ಬಂದಿರಬೇಕು. ನಿಮ್ಮ ಉರಿಗೆ ಅದೇ ಕಾರಣ."

ಗುರುಪುತ್ರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಅಂದ್ರ ಮೆಣಸಿನಕಾಯಿಂದ ಅಲ್ಲೇನ್ರಿ?"

"ಮೆಣಸಿನಕಾಯಿಂದ ಉರಿ ಒಂದೀಟು ಹೆಚ್ಚಾಗಬಹುದು. ಆದ್ರ ರೋಗ ತಂದದ್ದು ಅದಲ್ಲ."

"ಕೇಳಿದಿಯೇನ?" ಎಂದು ಅವನು ಹೆಂಡತಿಯ ಕಡೆ ತಿರುಗಿದ. ನ್ಯಾಯ ಸಿಕ್ಕವನ ಹಾಗೆ ಅವನ ಮುಖ ಅರಳಿತ್ತು. "ಎಲ್ಲಾರೂ ಮೆಣಸಿನಕಾಯಿ ಮ್ಯಾಲ ಹಾಕತಾರ, ಪಾಪ!"

ತನ್ಮಯಿ ನಕ್ಕು ಮುಂದುವರಿಸಿದಳು. "ಇನ್ನೊಂದು ಅದ. ನಿಮ್ಮ ಲಿವರಿನಾಗ ಕೊಬ್ಬು ಕೂತದ."

ಅರಳಿದ ಮುಖ ಮುದುಡಿತು. "ಡಾಕ್ಟರ, ನಾ ಲಿಂಗ ಕಟ್ಟಿದಾವ. ಜನ್ಮದಾಗ ಸೆರೆ ಮುಟ್ಟಿಲ್ಲ. ಬೇಕಾದ್ರ ಈಕಿನ್ನ ಕೇಳ್ರಿ."

"ನಿಮ್ಮ ಮ್ಯಾಲ ಸಂಶಯ ಇಲ್ರಿ. ಕುಡಿಲಾರದವ್ರಿಗೂ ಬರ್ತದ. ಕೂತು ಮಾಡೋ ಕೆಲಸ, ಎಣ್ಣಿ, ಸಿಹಿ, ಈ ಸುತ್ತಳತಿ," ಎಂದು ಅವಳು ಪೆನ್ನಿನಿಂದ ಅವನ ಹೊಟ್ಟೆಯ ಕಡೆ ತೋರಿಸಿದಳು. "ಈಗ ನಾ ಹೇಳೋ ಮಾತು ಧ್ಯಾನ ಕೊಟ್ಟು ಕೇಳ್ರಿ. ಈ ಸೋಂಕು ಇದ್ದವರೊಳಗ, ಲಿವರಿನಾಗ ಕೊಬ್ಬು ಇದ್ದವರೊಳಗ, ದೊಡ್ಡ ಕರುಳಿನ್ಯಾಗ ಪಾಲಿಪ್ ಅಂತ ಸಣ್ಣ ಸಣ್ಣ ಗಂಟು ಬೆಳೆಯೋದು ಒಂದೀಟು ಜಾಸ್ತಿ ಅಂತ ಅಧ್ಯಯನ ಮಾಡಿದವರು ಕಂಡಾರ. ಒಂದರಿಂದನ ಇನ್ನೊಂದು ಬರ್ತದ ಅಂತ ಇನ್ನೂ ಯಾರೂ ಖಾತ್ರಿ ಹೇಳಿಲ್ಲ. ಆದ್ರ ಮೂರೂ ಜೋಡಿಲೆ ತಿರಗ್ಯಾಡ್ತಾವ. ನಿಮ್ಮ ವಯಸ್ಸಿಗೆ ಹೆಂಗೂ ಒಮ್ಮೆ ಕರುಳು ನೋಡಸಬೇಕು. ಈಗ ಎರಡು ಕಾರಣ ಹೆಚ್ಚಿಗಿ ಸಿಕ್ಕಾವ. ನೋಡೂಣು."

"ಮ್ಯಾಲಿಂದ ಒಮ್ಮೆ ಆತು. ಈಗ ಕೆಳಗಿಂದೇನ್ರಿ?"

"ಹೌದ್ರಿ."

ಗುರುಪುತ್ರಪ್ಪ ದನಿ ತಗ್ಗಿಸಿದ. "ಕ್ಯಾನ್ಸರ್ ಅಂತೀರೇನು?"

"ಅಲ್ರಿ. ಕೆಲವು ಗಂಟು ವರ್ಷಾನುಗಟ್ಟಲೆ ಹಂಗ ಬಿಟ್ರ ಮುಂದ ಕ್ಯಾನ್ಸರ್ ಆಗಬಹುದು. ಅದು ಆಗೂ ಮೊದಲ ಕಿತ್ತು ಒಗೆಯೋದು ನಮ್ಮ ಕೆಲಸ. ಅದು ಮುಗದ ಮ್ಯಾಲ ಬ್ಯಾಕ್ಟೀರಿಯಾಕ್ಕ ಎರಡು ವಾರ ಗುಳಿಗಿ. ಲಿವರಿಗೆ ಗುಳಿಗಿ ಇಲ್ಲ, ಕಾಲು ಅದಾವ. ನಡೀರಿ."

ಆ ಸಂಜೆ ದಾನೇಶ್ವರಿ ಆಶಿಶನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆಶಿಶ್ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದ. ವಕೀಲರು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದರು. ಅವರು ಯೋಚಿಸುತ್ತಿದ್ದದ್ದು ಗುರುಪುತ್ರಪ್ಪನ ಹೊಟ್ಟೆಯನ್ನಷ್ಟೇ ಅಲ್ಲ. ಅವರ ಕರಿ ಕೋಟಿನ ಒಳಜೇಬಿನಲ್ಲೂ ಹುಳಿ ತೇಗಿನ ಮಾತ್ರೆಯ ಪಟ್ಟಿ ಇತ್ತು. ಕುಂದಾಬಾಯಿ ಕೋಟು ಒಗೆಯಲು ಹಾಕುವಾಗ ಎಷ್ಟೋ ಸಲ ಅದನ್ನು ತೆಗೆದಿಟ್ಟು ಬೈದಿದ್ದರು.

"ಎಲಿ ಮ್ಯಾಲ ಹೇಳಬ್ಯಾಡ್ರಿ ಅಂದೆನಲ್ಲ ನಾ," ಎಂದರು ವಕೀಲರು. "ನೋವಿನ್ಯಾಗ ಕೂತ ಮನಶ್ಯಾಗ."

ಮುಂದಿನ ವಾರ ಅವರು ಕೋರ್ಟಿನಿಂದ ಬೇಗ ಬಂದು ಅಂಗಿ ಬದಲಿಸಿದರು. ಗುರುಪುತ್ರಪ್ಪನ ಮನೆ ಇದ್ದದ್ದು ಹಿಂಡಲಗಾದಲ್ಲಿ.

"ಹಿಂಡಲಗಾಕ್ಕ ಹೋಗಿ ಬರ್ತೀನಿ," ಎಂದರು.

ಹಿಂಡಲಗಾ ಎಂದರೆ ಆ ಸೀಮೆಯವರಿಗೆಲ್ಲ ಮೊದಲು ನೆನಪಾಗುವುದು ಜೈಲು. ಕುಂದಾಬಾಯಿ ಒಳಗಿನಿಂದಲೇ, "ಯಾಕ, ಏನು ಗುನ್ಹೆ ಮಾಡೀರಿ?" ಎಂದರು.

"ಮಾಡೀನಿ. ಒಪ್ಪಿಕೊಳ್ಳಾಕ ಹೊಂಟೀನಿ. ಒಂದು ಚೀಲ ಹೊಸ ಅಕ್ಕಿ ಕೊಡು."

ಹೀಗೆ ಅಕ್ಕಿ ಹೊತ್ತು ವಕೀಲರು ಗುರುಪುತ್ರಪ್ಪನ ಮನೆಯ ಗಂಟೆ ಒತ್ತಿದ್ದು, ಕರುಳು ನೋಡುವ ಆ ಕೊಲೊನೋಸ್ಕೋಪಿಯ ಹಿಂದಿನ ದಿನ ಸಂಜೆ. ಆಸ್ಪತ್ರೆಯವರು ಕೊಟ್ಟ ಪುಡಿಯನ್ನು ಎರಡು ಲೀಟರ್ ನೀರಿನಲ್ಲಿ ಕಲಸಿ, ಗುರುಪುತ್ರಪ್ಪ ಲೋಟದ ಮೇಲೆ ಲೋಟ ಕುಡಿಯುತ್ತಿದ್ದ. ಕರುಳು ಕನ್ನಡಿಯಂತೆ ಸ್ವಚ್ಛವಾಗಬೇಕು ಎಂದು ತನ್ಮಯಿ ಹೇಳಿದ್ದಳು. ಉಪ್ಪುಪ್ಪಾದ ನಿಂಬೆ ನೀರು. ಅರ್ಧ ಜಗ್ಗು ಖಾಲಿಯಾಗಿತ್ತು, ಔಷಧ ತನ್ನ ಕೆಲಸ ಶುರು ಮಾಡಿತ್ತು.

ವಕೀಲರನ್ನು ನೋಡಿ ಅವನಿಗೆ ದಿಗಿಲಾಯಿತು. ಆದರೂ, "ಬರ್ರಿ, ಕುಂದರ್ರಿ," ಎಂದು ಕುರ್ಚಿ ತೋರಿಸಿದ.

ವಕೀಲರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಗುರುಪುತ್ರಪ್ಪನವರ, ಅವತ್ತು ಊಟದ ಹೊತ್ತಿನ್ಯಾಗ ನಾ ಆಡಿದ ಮಾತು..."

ಗುರುಪುತ್ರಪ್ಪ ಎದ್ದು ಒಳಗೆ ಹೋದ.

ವಕೀಲರು ಕಾದರು. ಅವನು ಬಂದು ಕೂತ. "ಹೇಳ್ರಿ."

"ಏನಂದ್ರ, ಸಿಟ್ಟಿನ್ಯಾಗ ಮನಶ್ಯಾ..."

ಗುರುಪುತ್ರಪ್ಪ ಮತ್ತೆ ಎದ್ದು ಹೋದ. ಈ ಸಲ ಓಡಿದ ಎಂದರೂ ನಡೆದೀತು. ಬಂದವನು ಬೆವರು ಒರೆಸಿಕೊಂಡು, "ಹಾಂ, ಮುಂದ?" ಎಂದ. ವಕೀಲರು ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಕುರ್ಚಿ ಖಾಲಿ.

ವಕೀಲರ ಮೂಗಿನ ತುದಿ ಮತ್ತೆ ಕೆಂಪಾಯಿತು. ಎದ್ದು ನಿಂತರು. "ಅವ್ವಾರ, ನಾ ಬರ್ತೀನಿ. ಮಾತು ಕೇಳಾಕೂ ತಯಾರಿಲ್ಲಂದ್ರ ಒತ್ತಾಯ ಏನದ?"

ಅಡುಗೆಮನೆಯ ಬಾಗಿಲಲ್ಲಿದ್ದ ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಇನ್ನು ತಡೆಯಲಾಗಲಿಲ್ಲ. "ವಕೀಲರ, ಕುಂದರ್ರಿ! ಅದು ಸಿಟ್ಟಲ್ರಿ, ಔಷಧ! ನಾಳಿ ಮುಂಜಾನಿ ಕರಳು ನೋಡವ್ರ ಅದಾರ. ಅದಕ್ಕ ಜುಲಾಬು ಕೊಟ್ಟಾರ!"

ವಕೀಲರು ಮೇಜಿನ ಮೇಲಿನ ಜಗ್ಗು ನೋಡಿದರು. ಮುಚ್ಚಿದ ಬಚ್ಚಲು ಮನೆಯ ಬಾಗಿಲು ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ವಕೀಲರೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಂತರ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಆ ಬಾಗಿಲ ಮುಂದೆಯೇ ಹಾಕಿಕೊಂಡು ಕೂತರು.

"ಗುರುಪುತ್ರಪ್ಪನವರ, ನೀವು ಅಲ್ಲೇ ಇರ್ರಿ. ನಾ ಇಲ್ಲಿಂದನ ಹೇಳ್ತೀನಿ."

"ಹೇಳ್ರಿ ವಕೀಲರ," ಒಳಗಿನಿಂದ ದನಿ ಬಂತು. "ಕೋರ್ಟ್ ನಡದೈತಿ."

"ತಪ್ಪಾತು. ನಿಮ್ಮ ಎಲಿ ನೋಡಿದೆ, ಮಾರಿ ನೋಡಲಿಲ್ಲ. ನೋಡಿದ್ರ ಗೊತ್ತಾಗತಿತ್ತು."

ಸ್ವಲ್ಪ ಹೊತ್ತು ಒಳಗೆ ನಲ್ಲಿಯ ಸದ್ದು. ಆಮೇಲೆ ಗುರುಪುತ್ರಪ್ಪನ ದನಿ, ಈ ಸಲ ಮೆತ್ತಗೆ. "ನಂದೂ ಐತ್ರಿ. ನೋವಂತ ಒಂದು ಮಾತು ಹೇಳಲಿಲ್ಲ. ಆ ಅಳುವಡಿ ಎಷ್ಟ್ ಚೊಲೋ ಆಗಿತ್ರಿ! ಇನ್ನೊಂದು ಹಾಕ್ರಿ ಅನ್ನೋದು ಬಾಯಿ ತನಕ ಬಂದಿತ್ತು. ಹೊಟ್ಟಿ ಬ್ಯಾಡಂತು."

"ಕುಂದಾಗ ಹೇಳ್ತೀನಿ. ಆಕಿ ಅವತ್ತಿನಿಂದ ಶ್ರೀಖಂಡ ಮಾಡಿಲ್ಲ."

ವಕೀಲರು ಆ ದಿನ ಖಾನಾಪುರಕ್ಕೆ ಹಿಂತಿರುಗಲಿಲ್ಲ. "ಇಂಥಾ ಹೊತ್ತಿನ್ಯಾಗ ಬಿಟ್ಟು ಹೋದ್ರ ನಾ ಎಂಥಾ ಬೀಗ?" ಎಂದರು. ಬೀಗ ಎಂಬ ಮಾತು ಅವರ ಬಾಯಿಂದ ತಾನಾಗಿ ಬಂದಿತ್ತು. ಗೌರವ್ವ ಅದನ್ನು ಕೇಳಿಸಿಕೊಂಡು ಅವರಿಗೆ ಇನ್ನೊಂದು ರೊಟ್ಟಿ ಬಡಿಸಿದಳು.

ಬೆಳಿಗ್ಗೆ ನಾಲ್ವರೂ ಆಸ್ಪತ್ರೆಗೆ ಹೋದರು. ಹಿಂದೆ ದಾರ ಕಟ್ಟುವ ಹಸಿರು ನಿಲುವಂಗಿ ತೊಟ್ಟು ಗಾಲಿ ಮಂಚದ ಮೇಲೆ ಮಲಗಿದ ಗುರುಪುತ್ರಪ್ಪನಿಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ಮಗಳ ಕೈ ಹಿಡಿದ. ಅವಳು, "ನಿದ್ದಿ ಮಾಡಿ ಏಳೂದರಾಗ ಮುಗದಿರತೈತಿ," ಎಂದಳು. ಹಾಗೆಯೇ ಆಯಿತು. ಎಚ್ಚರವಾದಾಗ ತನ್ಮಯಿ ಪಕ್ಕದಲ್ಲಿ ನಿಂತಿದ್ದಳು.

"ಎರಡು ಇದ್ವು. ಒಂದು ಕಡ್ಲಿ ಕಾಳಿನಷ್ಟು, ಇನ್ನೊಂದು ಅದಕ್ಕಿಂತ ಸ್ವಲ್ಪ ದೊಡ್ಡದು. ಎರಡೂ ತಗದೀನಿ. ಲ್ಯಾಬಿಗೆ ಕಳಿಸೀವಿ. ಒಂದು ವಾರ ತಡೀರಿ."

ಆ ವಾರ ಉದ್ದವಾಗಿತ್ತು. ಗುರುಪುತ್ರಪ್ಪ ಅಂಗಡಿಯಲ್ಲಿ ಕೂತರೂ ಮನಸ್ಸು ಅಲ್ಲಿರಲಿಲ್ಲ. ಗಿರಾಕಿ ಏನು ಕೇಳಿದನೆಂದು ಎರಡೆರಡು ಸಲ ಕೇಳುತ್ತಿದ್ದ. ಆದರೆ ಪ್ರತಿದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ವಕೀಲರ ಫೋನು ಬರುತ್ತಿತ್ತು. ಅವರು ಒಂದು ದಿನವೂ ರಿಪೋರ್ಟಿನ ಸುದ್ದಿ ಎತ್ತಲಿಲ್ಲ. ಒಂದು ಎಮ್ಮೆ, ಅದು ತಮ್ಮದೆಂದು ವಾದಕ್ಕಿಳಿದ ಎರಡು ಊರಿನವರ ಕರೆಗೂ ಓಗೊಟ್ಟು ನ್ಯಾಯಾಧೀಶರನ್ನು ಪೇಚಿಗೆ ಸಿಕ್ಕಿಸಿದ ಕತೆ, ಸಾಕ್ಷಿ ಹೇಳಲು ಬಂದ ಮುದುಕಿ ತನ್ನ ಸೊಸೆಯ ಮೇಲೇ ದೂರು ಕೊಟ್ಟು ಹೋದ ಕತೆ, ಹೀಗೆ ದಿನಕ್ಕೊಂದು ಹೇಳಿ, "ನಾಳಿಗೆ ಇನ್ನೊಂದು ಅದ," ಎಂದು ಫೋನು ಇಡುತ್ತಿದ್ದರು. ಮೆಣಸಿನಕಾಯಿ ಚೀಲಗಳ ನಡುವೆ ಕೂತು ಗುರುಪುತ್ರಪ್ಪ ಒಬ್ಬನೇ ನಗುವುದನ್ನು ಕಂಡು ಎದುರಿನ ದುಂಡಪ್ಪ, "ಏನಾಗೇತ್ಲೇ ನಿನಗ?" ಎಂದು ರಸ್ತೆ ದಾಟಿ ಬಂದ. ಅವನಿಗೆ ಗುರುಪುತ್ರಪ್ಪ ಎಲ್ಲವನ್ನೂ ಹೇಳಿದ. ದುಂಡಪ್ಪ ನಗಲಿಲ್ಲ. ಗೋಣಿಚೀಲದ ಮೇಲೆ ಕೂತು ಗೆಳೆಯನ ಮೊಣಕಾಲ ಮೇಲೆ ಕೈ ಇಟ್ಟ.

ಫಲಿತಾಂಶ ಬಂತು. ದೊಡ್ಡದಾಗಿದ್ದ ಗಂಟು, ಬಿಟ್ಟಿದ್ದರೆ ಮುಂದೆ ಎಂದಾದರೂ ಕ್ಯಾನ್ಸರಿಗೆ ತಿರುಗಬಹುದಾಗಿದ್ದ ಜಾತಿಯದು. ಆದರೆ ಇನ್ನೂ ತಿರುಗಿರಲಿಲ್ಲ. ಬುಡಸಮೇತ ಬಂದಿತ್ತು. "ಕೆಲವು ವರ್ಷ ಬಿಟ್ಟು ಮತ್ತೊಮ್ಮೆ ನೋಡೂಣು. ಸದ್ಯಕ್ಕ ನೀವು ಆರಾಮ," ಎಂದಳು ತನ್ಮಯಿ. ಗೌರವ್ವ ಎದ್ದು ಹೋಗಿ ಅವಳ ಎರಡೂ ಕೆನ್ನೆ ಸವರಿ ತನ್ನ ಹಣೆಯ ಪಕ್ಕ ಲಟಿಕೆ ಮುರಿದಳು. ಗುರುಪುತ್ರಪ್ಪ ಹೊರಗೆ ಬಂದವನೇ ವಕೀಲರಿಗೆ ಫೋನು ಹಚ್ಚಿದ. ಅವರು ಕೋರ್ಟಿನ ವರಾಂಡದಲ್ಲಿದ್ದರು.

"ವಕೀಲರ, ಖುಲಾಸೆ ಆತು!"

"ಯಾವ ಶರತ್ತೂ ಇಲ್ದ?"

"ಒಂದು ಶರತ್ತು ಐತ್ರಿ, ದಿನಾ ನಡೀಬೇಕಂತ."

ವಕೀಲರು ಅಲ್ಲಿದ್ದ ಕಕ್ಷಿಗಾರರಿಗೆಲ್ಲ ಚಹಾ ಕುಡಿಸಿದರು. ಮರುವಾರ ಕುಂದಾಬಾಯಿ ಅವರನ್ನೂ ಅದೇ ತನ್ಮಯಿಯ ಮುಂದೆ ತಂದು ಕೂರಿಸಿದರು. ಕೋಟಿನ ಜೇಬಿನ ಮಾತ್ರೆಪಟ್ಟಿಯನ್ನು ಮೇಜಿನ ಮೇಲಿಟ್ಟು, "ಇವರನ್ನೂ ಬಿಡಬ್ಯಾಡ್ರಿ," ಎಂದರು. ವಕೀಲರ ಜಠರದಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು, ಲಿವರಿನಲ್ಲೂ ಕೊಬ್ಬು. ಕರುಳು ಮಾತ್ರ ಶುಭ್ರ. ಅವರು ತಮ್ಮ ಪಾಳಿಗೆ ಆ ನಿಂಬೆ ನೀರು ಕುಡಿದ ಸಂಜೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತವನು ಗುರುಪುತ್ರಪ್ಪ.

ಇಬ್ಬರೂ ಒಂದೇ ದಿನ ಗುಳಿಗೆ ಶುರು ಮಾಡಿದರು. ಬಾಯಲ್ಲಿ ತಾಮ್ರದ ದುಡ್ಡು ಇಟ್ಟುಕೊಂಡಂಥ ರುಚಿ. ಒಬ್ಬರು ಬೇಸತ್ತರೆ ಇನ್ನೊಬ್ಬರು ಫೋನಿನಲ್ಲಿ ಗದರಿಸುವರು. ಗುಳಿಗೆ ಮುಗಿದ ಮೇಲೆ ಪ್ರತಿ ಭಾನುವಾರ, ಒಮ್ಮೆ ಬೆಳಗಾವಿಯ ಕೋಟೆ ಕೆರೆಯ ಸುತ್ತ, ಒಮ್ಮೆ ಖಾನಾಪುರದ ಮಲಪ್ರಭೆಯ ದಂಡೆಯ ಮೇಲೆ ಜೊತೆಯಾಗಿ ನಡೆದರು. ನಡೆಯುತ್ತ ಮದುವೆಯ ತಿಂಗಳು ಗೊತ್ತಾಯಿತು, ಮಂಟಪ ಗೊತ್ತಾಯಿತು. ವಚನ ಓದುವುದೂ ಆಗಲಿ, ಮಂಗಲಾಷ್ಟಕವೂ ಆಗಲಿ ಎಂದು ನದಿಯ ದಂಡೆಯ ಕಲ್ಲಿನ ಮೇಲೆ ಕೂತು ತೀರ್ಮಾನವಾಯಿತು. ಕೆಲವು ವಾರ ಬಿಟ್ಟು ಚೀಲದೊಳಗೆ ಉಸಿರು ಊದಿಸಿ ಮಾಡಿದ ಪರೀಕ್ಷೆಯಲ್ಲಿ ಇಬ್ಬರ ಹೊಟ್ಟೆಯೂ ನಿರ್ಮಲ. ಗುರುಪುತ್ರಪ್ಪ ಆ ದಿನ ಮನೆಗೆ ಬಂದು, ಖಡಕ್ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ನಿಧಾನವಾಗಿ ಅಗಿದು ತಿಂದ. ಎದೆಯ ಕೆಳಗೆ ಏನೂ ಆಗಲಿಲ್ಲ. ಆಗುತ್ತದೇನೋ ಎಂದು ಕಾದ. ಆಗಲಿಲ್ಲ. "ಇನ್ನೊಂದು ಹಾಕ," ಎಂದ. ಗೌರವ್ವ ಹಾಕಿದಳು. ಮೂರನೆಯದಕ್ಕೆ ಕೈ ಚಾಚಿದಾಗ ಮಾತ್ರ ದಾನೇಶ್ವರಿ ಬುಟ್ಟಿ ಸರಿಸಿದಳು. "ಲಿವರ್," ಎಂದಳು ಅಷ್ಟೇ.

ಊಟದ ಪಟ್ಟಿ ಮಾಡುವಾಗ ಮಾತ್ರ ದೊಡ್ಡ ಜಗಳವಾಯಿತು. ಇಬ್ಬರೂ ತಂದೆಯರು ಒಂದು ಕಡೆ, ಇಬ್ಬರೂ ತಾಯಂದಿರು ಒಂದು ಕಡೆ. ಎಣ್ಣೆ ಕಡಿಮೆ ಇರಲಿ, ಕೋಸಂಬರಿ ಹೆಚ್ಚಿಗೆ ಇರಲಿ, ಒಂದೇ ಸಿಹಿ ಸಾಕು ಎಂದು ಗಂಡಸರ ವಾದ.

"ನಿಮ್ಮ ಲಿವರಿನ ಸಲುವಾಗಿ ಇಡೀ ಬಳಗಕ್ಕ ಉಪವಾಸ ಹಾಕಬೇಕೇನು?" ಎಂದರು ಕುಂದಾಬಾಯಿ. ವಕೀಲರ ಯಾವ ವಾದವೂ ನಿಲ್ಲಲಿಲ್ಲ. ಹೋಳಿಗೆಯೂ ಆಯಿತು, ಶ್ರೀಖಂಡವೂ ಆಯಿತು.

ವೈಶಾಖದ ಒಂದು ಬೆಳಿಗ್ಗೆ ಖಾನಾಪುರದಲ್ಲಿ ಮದುವೆ. ದಾನೇಶ್ವರಿ ಇಳಕಲ್ ಸೀರೆಯಲ್ಲಿ, ಆಶಿಶ್ ಪೇಟದಲ್ಲಿ. ರವಿವಾರ ಪೇಟೆ ಅರ್ಧ ದಿನ ಬಾಗಿಲು ಹಾಕಿ ಬಂದಿತ್ತು. ತನ್ಮಯಿಯೂ ಬಂದಿದ್ದಳು. ಗುರುಪುತ್ರಪ್ಪ ಪಂಕ್ತಿಯಿಂದ ಪಂಕ್ತಿಗೆ ಓಡಾಡಿ ಬಡಿಸಿದ. ಐವತ್ತು ದಾಟಿದವರು ಕಂಡಲ್ಲೆಲ್ಲ ಬಗ್ಗಿ, "ಕರುಳು ನೋಡಿಸೀರೇನು? ಏನೂ ನೋವಿಲ್ರಿ, ನಿದ್ದಿ ಬರತೈತಿ," ಎಂದು ಶುರು ಮಾಡುತ್ತಿದ್ದ. ಜನ ಹೋಳಿಗೆ ಬಾಯಲ್ಲಿಟ್ಟುಕೊಂಡು ಕಣ್ಣರಳಿಸುತ್ತಿದ್ದರು. ಗೌರವ್ವ ಹಿಂದಿನಿಂದ ಅಂಗಿ ಜಗ್ಗುತ್ತಿದ್ದಳು. ದುಂಡಪ್ಪ ಮಾತ್ರ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ತನ್ಮಯಿಯ ಬಳಿ ಹೋಗಿ, "ಸೋಮವಾರ ನಾ ಬರ್ತೀನ್ರಿ," ಎಂದು ಹೇಳಿ ಬಂದ.

ಎರಡೂ ಮನೆಯವರು ಒಟ್ಟಿಗೆ ಕೂತು ಫೋಟೊ ತೆಗೆಸುವ ಹೊತ್ತಿಗೆ ಇಬ್ಬರೂ ತಂದೆಯರು ಕಾಣಲಿಲ್ಲ. ಮಂಟಪದಲ್ಲಿಲ್ಲ, ಅಡುಗೆ ಕಡೆಯಿಲ್ಲ, ಕಾರುಗಳ ಹತ್ತಿರವೂ ಇಲ್ಲ. ಫೋನುಗಳು ಎರಡೂ ಕುರ್ಚಿಯ ಮೇಲೆ. ಆಶಿಶ್ ಪೇಟ ಕಟ್ಟಿಕೊಂಡೇ ಬೈಕು ಹತ್ತಿದ, ದಾನೇಶ್ವರಿ ಹಿಂದೆ ಕೂತಳು. ನದಿಯ ಸೇತುವೆಯ ಮೇಲೆ, ಬಿಸಿಲು ಇಳಿಯುತ್ತಿದ್ದ ಹೊತ್ತಿನಲ್ಲಿ, ರೇಷ್ಮೆ ಧೋತರ ಮೊಣಕಾಲ ತನಕ ಎತ್ತಿ ಕಟ್ಟಿಕೊಂಡ ಇಬ್ಬರು ಕೈಬೀಸಿ ನಡೆದು ಹೋಗುತ್ತಿದ್ದರು.

"ಅಪ್ಪಾ! ಫೋಟೊಕ್ಕ ಎಲ್ಲಾರೂ ಕಾಯಾಕತ್ತಾರ!" ಎಂದು ದಾನೇಶ್ವರಿ ಕೂಗಿದಳು.

ಗುರುಪುತ್ರಪ್ಪ ತಿರುಗಿ ನೋಡಿದ. ಆದರೆ ನಿಲ್ಲಲಿಲ್ಲ.

"ಎರಡು ಹೋಳಿಗಿ ತಿಂದೇವಿ," ಎಂದ. "ಸೇತುವಿ ಆ ತುದಿ ಮುಟ್ಟಿ ಬರ್ತೇವಿ, ಇರ್ರಿ!"